ಓದುಗರ ಪ್ರಶ್ನೆ: ಖ್ವೆ ನದಿಯ ತೆಪ್ಪದ ಮನೆ, ಸಾವಿನ ರೈಲುಮಾರ್ಗ, ಏರಾವನ್ ಜಲಪಾತ

ಬ್ಯಾಂಕಾಕ್‌ಗೆ ಹೋಗುವವರು ಈಚೆಗೆ ಕಾಂಚನಬುರಿಯನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ಅದು ಬ್ಯಾಂಕಾಕ್‌ನಿಂದ ಪಶ್ಚಿಮಕ್ಕೆ ಸುಮಾರು 130 ಕಿ.ಮೀ. ದೂರದಲ್ಲಿದೆ. ನದಿಯ ಮೇಲೆ ತೇಲುವ ಮನೆಗಳು, ಎರಡನೇ ಮಹಾಯುದ್ಧದಲ್ಲಿ ಜಪಾನ್ ಯುದ್ಧಕೈದಿಗಳಿಂದಲೂ ಕೂಲಿಗಳಿಂದಲೂ ಹಾಕಿಸಿದ 'ಸಾವಿನ ರೈಲುಮಾರ್ಗ', ಜಲಪಾತ ಮೂರನ್ನೂ ಒಂದೇ ಪ್ರವಾಸದಲ್ಲಿ ತೋರಿಸುತ್ತೇವೆ ಎಂಬ ಪ್ಯಾಕೇಜುಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ.

ಪ್ರ: ಮೂರು ರಾತ್ರಿ, ನಾಲ್ಕು ಹಗಲಿನ ಪ್ಯಾಕೇಜ್ ಕೊಟ್ಟಿದ್ದಾರೆ. ಮೊದಲ ದಿನ ಸೇತುವೆ ಮತ್ತು ರೈಲು, ಎರಡನೇ ದಿನ ಏರಾವನ್ ಜಲಪಾತ ಮತ್ತು ಹೆಲ್‌ಫೈರ್ ಪಾಸ್, ಮೂರನೇ ದಿನ ನದಿಯಲ್ಲಿ ವಿಶ್ರಾಂತಿ, ನಾಲ್ಕನೇ ದಿನ ಮ್ಯೂಸಿಯಂ ನೋಡಿ ವಾಪಸ್. ಸರಿ ಇದೆಯೇ? — ಬೆಂಗಳೂರಿನ ಓದುಗರು

ಉ: ದಿನಗಳ ಲೆಕ್ಕ ಸರಿಯಾಗಿದೆ, ಕ್ರಮ ತಪ್ಪಿದೆ. ಕಾಂಚನಬುರಿ ಊರಿನಲ್ಲಿ ಎರಡು ನದಿಗಳು ಸೇರಿ ಮೇ ಕ್ಲಾಂಗ್ ಆಗುತ್ತವೆ. ದೊಡ್ಡದು ಖ್ವೆ ಯಾಯ್, ಚಿಕ್ಕದು ಖ್ವೆ ನಾಯ್. ಏರಾವನ್ ಜಲಪಾತ ಇರುವುದು ಖ್ವೆ ಯಾಯ್ ಕಣಿವೆಯಲ್ಲಿ, ಊರಿನಿಂದ 65 ಕಿ.ಮೀ. ಆಚೆ. ರೈಲು, ಅದರ ಹಳಿಗಾಗಿ ಬಂಡೆ ಕಡಿದ ಹೆಲ್‌ಫೈರ್ ಪಾಸ್ ಮತ್ತು ಹೆಚ್ಚಿನ ತೆಪ್ಪದ ಮನೆಗಳು ಖ್ವೆ ನಾಯ್ ಕಡೆ, 323ನೇ ಹೆದ್ದಾರಿಯ ಉದ್ದಕ್ಕೂ ಇವೆ. ಎರಡೂ ಕಣಿವೆಗಳ ನಡುವೆ ಅಡ್ಡರಸ್ತೆ ಇರುವುದರಿಂದ ಒಂದೇ ದಿನ ಎರಡನ್ನೂ ಮುಗಿಸಬಹುದು ಎನ್ನುತ್ತಾರೆ. ಆದರೆ ಏರಾವನ್ ಹತ್ತಿ ಇಳಿದು ಸ್ನಾನ ಮಾಡಿ ಹೊರಡುವಾಗ ಮಧ್ಯಾಹ್ನವಾಗಿರುತ್ತದೆ, ಹೆಲ್‌ಫೈರ್ ಪಾಸ್ ಸಂಜೆ 4ಕ್ಕೆ ಮುಚ್ಚುತ್ತದೆ. ಕೊನೆಗೆ ನಿಮಗೆ ಸಿಗುವುದು ಮುಕ್ಕಾಲು ಗಂಟೆ. ಒದ್ದೆ ಬಟ್ಟೆಯಲ್ಲಿ, ಸುಸ್ತಾದ ಕಾಲಲ್ಲಿ ಆ ಜಾಗಕ್ಕೆ ಹೋಗಬಾರದು.

ಇನ್ನೊಂದು ತಪ್ಪು, ಮ್ಯೂಸಿಯಂ ಅನ್ನು ಕೊನೆಗೆ ಇಟ್ಟಿರುವುದು. ಥಾಯ್ಲೆಂಡ್-ಬರ್ಮಾ ರೈಲ್ವೆ ಸೆಂಟರ್ ಎಂಬ ಆ ಮ್ಯೂಸಿಯಂ ಊರಿನ ಯುದ್ಧ ಸಮಾಧಿಭೂಮಿಯ ಪಕ್ಕದಲ್ಲೇ ಇದೆ. ಅದನ್ನು ಮೊದಲು ನೋಡದಿದ್ದರೆ ಸೇತುವೆ ಬರೀ ಕಬ್ಬಿಣ, ಹೆಲ್‌ಫೈರ್ ಪಾಸ್ ಬರೀ ಬಂಡೆ.

ಟೂರ್‌ನವರಿಗೆ ಹೀಗೆ ಬದಲಿಸಲು ಹೇಳಿ. ಮೊದಲ ದಿನ ಬ್ಯಾಂಕಾಕ್‌ನಿಂದ ಬೆಳಿಗ್ಗೆ ಹೊರಟು ಮ್ಯೂಸಿಯಂ, ಸಮಾಧಿಭೂಮಿ, ಬಿಸಿಲು ಇಳಿದ ಮೇಲೆ ಸೇತುವೆ, ರಾತ್ರಿ ಊರಿನಲ್ಲೇ ನದಿದಂಡೆಯ ವಸತಿ. ಎರಡನೇ ದಿನ ಬೆಳಿಗ್ಗೆ ಹತ್ತೂವರೆ ಸುಮಾರಿನ ರೈಲು ಹಿಡಿದು ಕೊನೆಯ ನಿಲ್ದಾಣ ನಾಮ್ ಟೋಕ್, ಹತ್ತಿರದ ಸಾಯ್ ಯೋಕ್ ನಾಯ್ ಜಲಪಾತ, ಅಲ್ಲಿಂದ ದೋಣಿಯಲ್ಲಿ ತೆಪ್ಪದ ಮನೆಗೆ. ಮೂರನೇ ದಿನ ಬೆಳಿಗ್ಗೆ 9ಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ಹೆಲ್‌ಫೈರ್ ಪಾಸ್, ಮಧ್ಯಾಹ್ನ ನದಿ. ನಾಲ್ಕನೇ ದಿನ ಬೇಗ ಎದ್ದು ಏರಾವನ್, ಅಲ್ಲಿಂದ ನೇರ ಬ್ಯಾಂಕಾಕ್. ರಾತ್ರಿಯ ವಿಮಾನವನ್ನು ಮಾತ್ರ ಅದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಬ್ಯಾಂಕಾಕ್ ಹೊಕ್ಕುವಾಗಿನ ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡ್‌ಗೆ ಏನೂ ಕಡಿಮೆಯಿಲ್ಲ.

ಪ್ರ: ಈಗ ಇರುವುದು ಸಿನಿಮಾದಲ್ಲಿ ಸ್ಫೋಟಿಸುವ ಅದೇ ಸೇತುವೆಯೇ? — ಹಾಸನ

ಉ: ಅಲ್ಲ. 1957ರ 'ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್' ಎಂಬ ಆ ಹಾಲಿವುಡ್ ಚಿತ್ರದ ಸೇತುವೆಯನ್ನು ಕಟ್ಟಿ ಒಡೆದದ್ದು ಶ್ರೀಲಂಕಾದ ಕಿತುಲ್‌ಗಲದಲ್ಲಿ. ಈಗಲೂ ಇರುವ ನಿಜವಾದ ಸೇತುವೆಯ ಕೆಳಗಿನ ನದಿಯ ಹೆಸರು ಆಗ ಮೇ ಕ್ಲಾಂಗ್. ಸಿನಿಮಾ ನೋಡಿ ಬಂದವರೆಲ್ಲ 'ಕ್ವಾಯ್' ಎಲ್ಲಿ ಎಂದು ಕೇಳತೊಡಗಿದ ಮೇಲೆ, 1960ರ ದಶಕದಲ್ಲಿ, ನದಿಯ ಆ ಭಾಗಕ್ಕೆ ಖ್ವೆ ಯಾಯ್ ಎಂದು ಹೆಸರಿಟ್ಟರು. ಉಚ್ಚಾರ 'ಖ್ವೆ', ಕವಲುನದಿ ಎಂದರ್ಥ. 'ಕ್ವಾಯ್' ಎಂದರೆ ಥಾಯ್ ಭಾಷೆಯಲ್ಲಿ ಎಮ್ಮೆ.

ಸೇತುವೆಯ ಮೇಲೆ ನಿಂತು ಕಮಾನುಗಳನ್ನು ಗಮನಿಸಿ. ಮೇಲ್ಭಾಗ ಬಿಲ್ಲಿನಂತೆ ಬಾಗಿರುವ ಕಬ್ಬಿಣದ ಅಂಕಣಗಳು ಜಾವಾದಿಂದ ಜಪಾನೀಯರು ಕಳಚಿ ತಂದವು, 1943ರಲ್ಲಿ ಜೋಡಿಸಿದವು. ನಡುವೆ ಎರಡು ಅಂಕಣಗಳು ಮಾತ್ರ ನೇರ ಗೆರೆಯ, ಮೂಲೆ ಮೂಲೆಯ ಆಕಾರದಲ್ಲಿವೆ. ಮಿತ್ರಪಕ್ಷದ ಬಾಂಬಿಗೆ ಬಿದ್ದುಹೋದ ಭಾಗಕ್ಕೆ ಯುದ್ಧದ ನಂತರ ಜಪಾನ್ ಮಾಡಿಕೊಟ್ಟವು ಅವು. ಸೇತುವೆಯ ಮೇಲೆ ನಡೆಯಬಹುದು. ರೈಲು ನಿಧಾನಕ್ಕೆ ಬರುತ್ತದೆ, ಪಕ್ಕಕ್ಕೆ ಸರಿದು ನಿಲ್ಲಲು ಅಲ್ಲಲ್ಲಿ ಕಟಕಟೆ ಇದೆ. ಮಕ್ಕಳ ಕೈ ಬಿಡಬೇಡಿ, ಹಲಗೆಗಳ ಆಚೆ ತೆರಪುಗಳಿವೆ.

ಪ್ರ: ಈ ರೈಲುಮಾರ್ಗದಲ್ಲಿ ಭಾರತೀಯರೂ ಸತ್ತರೆಂದು ಕೇಳಿದ್ದೇನೆ. ಅವರ ಸಮಾಧಿಗಳನ್ನು ನೋಡಬಹುದೇ? — ನಿವೃತ್ತ ಇತಿಹಾಸ ಶಿಕ್ಷಕಿ, ಶಿವಮೊಗ್ಗ

ಉ: ಈ ಪ್ರಶ್ನೆ ಕೇಳಿದ್ದಕ್ಕೆ ವಂದನೆಗಳು ಮೇಡಂ. ಹೆಚ್ಚಿನ ಗೈಡ್‌ಗಳು ತಾವಾಗಿ ಇದನ್ನು ಹೇಳುವುದಿಲ್ಲ.

ಬರ್ಮಾದಲ್ಲಿದ್ದ ತನ್ನ ಸೈನ್ಯಕ್ಕೆ ಸಮುದ್ರದ ದಾರಿ ಅಪಾಯವಾದಾಗ ಜಪಾನ್ ಈ ಮೀಟರ್ ಗೇಜ್ ಮಾರ್ಗ ಹಾಕಿಸಿತು. ಥಾಯ್ಲೆಂಡಿನ ನಾಂಗ್ ಪ್ಲಾಡುಕ್‌ನಿಂದ ಬರ್ಮಾದ ಥಾನ್‌ಬ್ಯುಜಯಾತ್‌ವರೆಗೆ 415 ಕಿ.ಮೀ. 1942ರಲ್ಲಿ ಶುರುವಾಗಿ 1943ರ ಅಕ್ಟೋಬರ್‌ನಲ್ಲಿ ಎರಡೂ ತುದಿ ಕೂಡಿದವು. 60,000ಕ್ಕೂ ಹೆಚ್ಚು ಯುದ್ಧಕೈದಿಗಳು ದುಡಿದರು. ಬ್ರಿಟಿಷ್, ಡಚ್, ಆಸ್ಟ್ರೇಲಿಯನ್ನರು, ಕೆಲವು ನೂರು ಅಮೆರಿಕನ್ನರು. 12,000ಕ್ಕೂ ಹೆಚ್ಚು ಕೈದಿಗಳು ಸತ್ತರು. ಇವರ ಜೊತೆ ಏಷ್ಯಾದ ಕೂಲಿಗಳು ಎರಡು ಲಕ್ಷದ ಆಸುಪಾಸು: ಬರ್ಮೀಯರು, ಮಲಯರು, ಜಾವಾದವರು ಮತ್ತು ಮಲಯಾದ ರಬ್ಬರ್ ತೋಟಗಳಲ್ಲಿದ್ದ ದಕ್ಷಿಣ ಭಾರತದವರು, ಅವರಲ್ಲಿ ಬಹುಪಾಲು ತಮಿಳರು. ಸತ್ತ ಏಷ್ಯನ್ನರ ಅಂದಾಜು 90,000 ಮುಟ್ಟುತ್ತದೆ.

ಇಷ್ಟು ವ್ಯತ್ಯಾಸ ಏಕೆ? ಕೈದಿಗಳ ಶಿಬಿರದಲ್ಲಿ ಸೈನ್ಯದ ಶಿಸ್ತಿತ್ತು, ಅವರದೇ ವೈದ್ಯರಿದ್ದರು. ಔಷಧಿ ಇಲ್ಲದಿದ್ದರೂ ನೀರು ಕುದಿಸುವುದು, ಕಕ್ಕಸುಗುಂಡಿ ದೂರ ತೋಡುವುದು, ರೋಗಿಯನ್ನು ಬೇರೆ ಇಡುವುದು ಇಷ್ಟನ್ನಾದರೂ ಮಾಡಿಸಿದರು. ತೋಟದಿಂದ ಆಸೆ ತೋರಿಸಿಯೋ ಹಿಡಿದೋ ತಂದ ಕೂಲಿಗಳಿಗೆ ಹೇಳಿಕೊಡುವವರೇ ಇರಲಿಲ್ಲ. ಹಲವರ ಜೊತೆ ಹೆಂಡತಿ ಮಕ್ಕಳೂ ಇದ್ದರು. 1943ರ ಮಳೆಗಾಲದಲ್ಲಿ ಕಾಲರಾ ಬಂದಾಗ ಅವರ ಶಿಬಿರಗಳು ಖಾಲಿಯಾಗುತ್ತ ಹೋದವು. ಹೆಸರು ಬರೆದಿಟ್ಟವರಿಲ್ಲ, ಆದ್ದರಿಂದ ಕಲ್ಲೂ ಇಲ್ಲ.

ಊರಿನ ಯುದ್ಧ ಸಮಾಧಿಭೂಮಿಯಲ್ಲಿ ಸುಮಾರು 7,000 ಸಮಾಧಿಗಳಿವೆ. ಎಲ್ಲವೂ ಕೈದಿಗಳದು, ಬ್ರಿಟಿಷ್, ಆಸ್ಟ್ರೇಲಿಯನ್ ಮತ್ತು ಡಚ್. ಆದರೆ ಅಲ್ಲಿನ ಒಂದು ಸ್ಮಾರಕದಲ್ಲಿ ಭಾರತದ 11 ಸೈನಿಕರ ಹೆಸರುಗಳಿವೆ. ಥಾಯ್ಲೆಂಡಿನ ಮುಸ್ಲಿಂ ಸ್ಮಶಾನಗಳಲ್ಲಿ ಮಣ್ಣಾದವರು ಅವರು, ಆ ಗೋರಿಗಳನ್ನು ಕಾಪಾಡಲು ಆಗದ್ದರಿಂದ ಹೆಸರನ್ನು ಇಲ್ಲಿ ಕೆತ್ತಿದ್ದಾರೆ. ಪ್ರವೇಶದ್ವಾರದ ಬಳಿ ಹುಡುಕಿ, ಗುಂಪುಗಳು ನೋಡದೆ ಒಳಗೆ ನುಗ್ಗಿಬಿಡುತ್ತವೆ.

ಕೂಲಿಗಳಿಗಾಗಿ ಹೋಗಬೇಕಾದದ್ದು ಸಮೀಪದ ವಾಟ್ ಥಾವೊರ್ನ್ ವರಾರಾಮ್ ದೇವಾಲಯಕ್ಕೆ. ಅಲ್ಲಿ ಏಷ್ಯದ ಕೂಲಿಗಳ ಮೂಳೆಗಳಿಗೆ ಕಟ್ಟಿದ ಸ್ತೂಪವಿದೆ. ಈಚೆಗೆ ಮಲೇಷ್ಯಾದ ತಮಿಳು ಕುಟುಂಬಗಳ ಕಡೆಯವರು ಅಲ್ಲೊಂದು 'ನಡುಕಲ್' ನಿಲ್ಲಿಸಿದ್ದಾರೆ. ನಡುಕಲ್ ಎಂದರೆ ನಮ್ಮ ವೀರಗಲ್ಲೇ. ಪ್ಯಾಕೇಜುಗಳಲ್ಲಿ ಇದು ಇರುವುದೇ ಇಲ್ಲ. ವ್ಯಾನಿನವರಿಗೆ ಮೊದಲ ದಿನವೇ ಹೇಳಿಟ್ಟರೆ ಅರ್ಧ ಗಂಟೆಯ ಕೆಲಸ. ಹೂವು ಬೇಕಿದ್ದರೆ ಊರಿನ ಮಾರ್ಕೆಟ್ಟಿನಲ್ಲೇ ಕೊಂಡುಕೊಳ್ಳಿ.

ಪ್ರ: ಹೆಲ್‌ಫೈರ್ ಪಾಸ್‌ನಲ್ಲಿ ನಡೆಯುವುದು ಎಷ್ಟು? ಹತ್ತು ವರ್ಷದ ಮಗನನ್ನು ಕರೆದೊಯ್ಯಬಹುದೇ? — ಮಂಗಳೂರು

ಉ: ಕರೆದೊಯ್ಯಿರಿ, ಹಿಂದಿನ ದಿನ ವಿಷಯ ಹೇಳಿಟ್ಟು. ಕಾಂಚನಬುರಿಯಿಂದ ಸುಮಾರು 80 ಕಿ.ಮೀ. ಆಸ್ಟ್ರೇಲಿಯಾ ಸರ್ಕಾರ ನಡೆಸುವ ಮ್ಯೂಸಿಯಂ 1998ರಲ್ಲಿ ತೆರೆಯಿತು. ಪ್ರವೇಶಕ್ಕೆ ಹಣವಿಲ್ಲ, ಕಿವಿಗೆ ಹಾಕಿಕೊಳ್ಳುವ ಆಡಿಯೊ ಗೈಡ್ ಕೂಡ ಕೊಡುತ್ತಾರೆ. ಗೈಡ್ ಜೊತೆಗಿದ್ದರೂ ಅದನ್ನು ತೆಗೆದುಕೊಳ್ಳಿ, ಬದುಕಿ ಬಂದ ಕೈದಿಗಳ ದನಿಯೇ ಅದರಲ್ಲಿದೆ.

ಮ್ಯೂಸಿಯಂನಿಂದ ಮೆಟ್ಟಿಲಿಳಿದರೆ ಹಳೆಯ ಹಳಿಯ ಜಾಡು. ಸ್ವಲ್ಪ ನಡೆದರೆ ಹಳಿಗಾಗಿ ಬಂಡೆ ಸೀಳಿದ ಕೊನ್ಯು ಕಟಿಂಗ್, ಹೆಲ್‌ಫೈರ್ ಪಾಸ್ ಎಂದರೆ ಇದೇ: 75 ಮೀಟರ್ ಉದ್ದ, 25 ಮೀಟರ್ ಆಳ. ಬಹುತೇಕ ಕೈಯಲ್ಲೇ ಕಡಿದದ್ದು. ಒಬ್ಬ ಉಕ್ಕಿನ ಚಾಣ ಹಿಡಿದು ತಿರುಗಿಸುತ್ತ ಕೂರಬೇಕು, ಇನ್ನೊಬ್ಬ ದೊಡ್ಡ ಸುತ್ತಿಗೆಯಿಂದ ಹೊಡೆಯಬೇಕು. ತೂತಾದ ಮೇಲೆ ಮದ್ದು ತುಂಬಿ ಸಿಡಿಸಿ, ಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಹಾಕಬೇಕು. ಗಡುವು ಹತ್ತಿರವಾದಂತೆ ದಿನಕ್ಕೆ 18 ಗಂಟೆ ದುಡಿಸಿದರು. ರಾತ್ರಿ ಪಂಜಿನ ಬೆಳಕಲ್ಲಿ ಎಲುಬು ಕಾಣುವ ಮೈಗಳು ಕೆಳಗೆ ಆಡುವುದನ್ನು ನೋಡಿದವರು ನರಕದ ಬೆಂಕಿ ಎಂದು ಕರೆದರು, ಅದೇ ಹೆಸರಾಯಿತು. ಗೋಡೆಯ ಮೇಲೆ ಬೆರಳಾಡಿಸಿ, ಉದ್ದಕ್ಕೆ ಸೀಳಿದ ಕೊಳವೆಯ ಅರ್ಧದಂತೆ ಚಾಣದ ಗುರುತುಗಳು ಸಿಗುತ್ತವೆ. ಒಂದು ಕಡೆ ಮುರಿದ ಚಾಣದ ತುಂಡು ಬಂಡೆಯಲ್ಲೇ ಉಳಿದಿದೆ.

ಕಟಿಂಗ್ ನೋಡಿ ವಾಪಸ್ ಹತ್ತಲು ಒಂದೂವರೆ ಗಂಟೆ ಸಾಕು. ಮುಂದೆ ಹಿನ್‌ಟೋಕ್ ಕಡೆಗೆ ಸುಮಾರು 4 ಕಿ.ಮೀ. ಜಾಡಿದೆ. ಅದು ಬೇಕಾದರೆ ಆಚೆ ತುದಿಯಲ್ಲಿ ವ್ಯಾನ್ ನಿಲ್ಲಿಸುವ ಏರ್ಪಾಡು ಮಾಡಿಕೊಳ್ಳಿ, ತಲೆಗೆ ಒಂದೂವರೆ ಲೀಟರ್ ನೀರಿರಲಿ. ಜಾಡಿನ ಮೇಲೆ ಜಲ್ಲಿಕಲ್ಲು ಹಾಗೇ ಇದೆ, ಚಪ್ಪಲಿಯಲ್ಲಿ ಪಾದ ಹೊರಳುತ್ತದೆ. ಏಪ್ರಿಲ್ 25 ಆಸ್ಟ್ರೇಲಿಯನ್ನರ ಸ್ಮರಣೆಯ ದಿನ, ನಸುಕಿನಲ್ಲಿ ಇಲ್ಲಿ ಪ್ರಾರ್ಥನೆ ಇರುತ್ತದೆ. ಆ ವಾರ ವಸತಿ ಸಿಗುವುದು ಕಷ್ಟ.

ಪ್ರ: ರೈಲಿಗೆ ಮುಂಗಡ ಟಿಕೆಟ್ ಬೇಕೇ? — ಹುಬ್ಬಳ್ಳಿ

ಉ: ಬೇಡ. ಮೂರನೇ ದರ್ಜೆ, ಫ್ಯಾನ್ ಇರುವ ಬೋಗಿ, ವಿದೇಶಿಯರಿಗೆ 100 ಬಾತ್. ಬ್ಯಾಂಕಾಕ್‌ನಿಂದಲೇ ಹತ್ತುವುದಾದರೆ ಥೋನ್‌ಬುರಿ ನಿಲ್ದಾಣ, ದೊಡ್ಡ ಹೊಸ ನಿಲ್ದಾಣವಲ್ಲ. ಜಪಾನ್ ಹಾಕಿಸಿದ ಮಾರ್ಗದಲ್ಲಿ ಈಗ ರೈಲು ಓಡುವುದು ನಾಂಗ್ ಪ್ಲಾಡುಕ್‌ನಿಂದ ನಾಮ್ ಟೋಕ್‌ವರೆಗಿನ 130 ಕಿ.ಮೀ. ಮಾತ್ರ. ನಾಮ್ ಟೋಕ್‌ಗೆ ಹೋಗುವಾಗ ಎಡಗಡೆ ಕೂರಿ. ಥಾಮ್ ಕ್ರಾಸೇ ಬಳಿ ಮರದ ತೊಲೆಗಳ ಮೇಲೆ ಬಂಡೆಗೆ ಒತ್ತಿಕೊಂಡು ಸಾಗುವ ಹಳಿ, ಕೆಳಗೆ ಖ್ವೆ ನಾಯ್, ಎಲ್ಲ ಆ ಕಡೆಯೇ. ರೈಲು ಅರ್ಧ, ಮುಕ್ಕಾಲು ಗಂಟೆ ತಡವಾಗುವುದು ಮಾಮೂಲು. ತೀರಾ ತಡವಾದರೆ ಥಾಮ್ ಕ್ರಾಸೇಯಲ್ಲೇ ಇಳಿದು ವ್ಯಾನ್ ಹತ್ತಿ, ನೋಡಬೇಕಾದ ಭಾಗ ಅಷ್ಟರಲ್ಲಿ ಮುಗಿದಿರುತ್ತದೆ.

ಪ್ರ: ಅಮ್ಮನಿಗೆ 68, ಮಂಡಿನೋವು. ತೇಲುವ ಮನೆಯಲ್ಲಿ ಎರಡು ರಾತ್ರಿ ಆಗುತ್ತದೆಯೇ? — ಮೈಸೂರು

ಉ: ಉಳಿಯುವುದು ಕಷ್ಟವಲ್ಲ, ಹತ್ತಿ ಇಳಿಯುವುದು ಕಷ್ಟ. ರಸ್ತೆಯಿಂದ ದೋಣಿಕಟ್ಟೆಗೆ ಮೆಟ್ಟಿಲು, ಅಲ್ಲಿಂದ ಉದ್ದ ಬಾಲದ ಮೋಟಾರು ದೋಣಿ, ದೋಣಿಯಿಂದ ಅಲುಗಾಡುವ ತೆಪ್ಪಕ್ಕೆ ಕಾಲಿಡಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಮೆಟ್ಟಿಲುಗಳು ಇನ್ನೂ ಜಾಸ್ತಿ ಬೀಳುತ್ತವೆ. ಹಣ ಕಟ್ಟುವ ಮುಂಚೆ ಮೂರು ಸಂಗತಿ ಕೇಳಿ: ವ್ಯಾನ್ ತೆಪ್ಪದ ಎದುರಿನ ದಡದವರೆಗೆ ಬರುತ್ತದೆಯೇ, ಎಷ್ಟು ಮೆಟ್ಟಿಲು, ಪಾಶ್ಚಾತ್ಯ ಕಮೋಡ್ ಕೋಣೆಗೆ ಹೊಂದಿಕೊಂಡೇ ಇದೆಯೇ.

ಕೆಲವು ತೆಪ್ಪಗಳಲ್ಲಿ ವಿದ್ಯುತ್ತೇ ಇಲ್ಲ, ಸಂಜೆ ಎಣ್ಣೆದೀಪ ಹಚ್ಚಿಡುತ್ತಾರೆ. ಚೆನ್ನಾಗಿರುತ್ತದೆ, ಆದರೆ ಫ್ಯಾನ್ ಇಲ್ಲ, ಮೊಬೈಲ್ ಚಾರ್ಜ್ ಇಲ್ಲ. ಏಪ್ರಿಲ್‌ನ ಸೆಕೆಯಲ್ಲಿ ವಯಸ್ಸಾದವರಿಗೆ ಬೇಡ. ಇನ್ಸುಲಿನ್ ಇರುವವರು ತಣ್ಣಗಿಡುವ ಚೀಲ ತರಲೇಬೇಕು. ತಲೆಗೊಂದು ಸಣ್ಣ ಬ್ಯಾಗ್, ದೊಡ್ಡ ಸೂಟ್‌ಕೇಸ್ ವ್ಯಾನಿನಲ್ಲೇ ಇರಲಿ. ರಾತ್ರಿ ಕಕ್ಕಸಿಗೆ ಎದ್ದಾಗ ಬೇಕಾದ ಟಾರ್ಚ್ ದಿಂಬಿನ ಕೆಳಗೇ ಇರಬೇಕು. ಬರ್ಮಾ ಗಡಿಯ ಕಡೆಯ ಕಾಡಿನಲ್ಲಿ ಮಲೇರಿಯಾ ಇರುವುದರಿಂದ ಸೊಳ್ಳೆಪರದೆ ಕೇಳಿ ಹಾಕಿಸಿಕೊಳ್ಳಿ, ಹೊರಡುವ ಮೊದಲು ವೈದ್ಯರನ್ನು ಕಾಣಿ.

ಇನ್ನು ನದಿಗೆ ಇಳಿಯುವವರಿಗೆ. ಖ್ವೆ ನಾಯ್‌ಗೆ ಮೇಲೆ ಅಣೆಕಟ್ಟು ಇದೆ, ನೀರು ಬಿಟ್ಟಾಗ ಸೆಳೆತ ಏಕಾಏಕಿ ಹೆಚ್ಚುತ್ತದೆ. ಎಂಥ ಈಜುಗಾರರಾದರೂ ಲೈಫ್ ಜಾಕೆಟ್ ಕಟ್ಟಿಕೊಂಡು ಮೇಲಿನ ತೆಪ್ಪದಲ್ಲಿ ಇಳಿದು, ತೇಲಿಕೊಂಡು ಬಂದು, ಕೊನೆಯ ತೆಪ್ಪಕ್ಕೆ ಮುಂಚೆಯೇ ಏಣಿ ಹಿಡಿಯಬೇಕು. ಕೊನೆಯ ಏಣಿ ತಪ್ಪಿದರೆ ವಾಪಸ್ ಈಜಲು ಆಗುವುದಿಲ್ಲ, ದೋಣಿಯೇ ಬರಬೇಕು. ಶನಿವಾರ ಊರಿನ ಹತ್ತಿರದ ತೆಪ್ಪ ಬೇಡ, ಹಾಡು ಹಾಕಿಕೊಂಡು ಎಳೆಸಿಕೊಂಡು ಹೋಗುವ ಪಾರ್ಟಿ ತೆಪ್ಪಗಳ ಗದ್ದಲದಲ್ಲಿ ನಿದ್ದೆ ಬರದು.

ಪ್ರ: ಏರಾವನ್‌ನ ಏಳೂ ಹಂತ ಹತ್ತಬೇಕೇ? — ದಾವಣಗೆರೆ

ಉ: ಹೆಸರು ಐರಾವತದಿಂದಲೇ ಬಂದದ್ದು. ತುದಿಯ ಬಂಡೆ ಮೂರು ತಲೆಯ ಆನೆಯಂತೆ ಕಾಣುತ್ತದೆ ಎನ್ನುತ್ತಾರೆ. ಕೆಳಗಿನಿಂದ ತುದಿಗೆ ಎರಡು ಕಿ.ಮೀ. ಒಳಗೇ, ಸ್ನಾನ ಬಿಟ್ಟು ಹೋಗಿಬರಲು ಎರಡೂವರೆ ಗಂಟೆ. ಮೊದಲ ಮೂರು ಹಂತ ಎಲ್ಲರಿಗೂ ಸುಲಭ, ಐದರ ನಂತರ ಏರು ಕಡಿದು. ಮಂಡಿನೋವಿನವರು ಎರಡನೇ ಹಂತದ ಕೊಳದಲ್ಲೇ ಕೂತರೂ ಕಳೆದುಕೊಂಡದ್ದು ಹೆಚ್ಚೇನಿಲ್ಲ.

ವಿದೇಶಿ ವಯಸ್ಕರಿಗೆ ಪ್ರವೇಶ 300 ಬಾತ್. ಲೆಕ್ಕಕ್ಕೆ ಒಂದು ಬಾತ್ ಎಂದರೆ ಸುಮಾರು ಮೂರು ರೂಪಾಯಿ ಎಂದಿಟ್ಟುಕೊಳ್ಳಿ. ಪ್ಯಾಕೇಜಿನಲ್ಲಿ ಇದು ಸೇರಿದೆಯೇ ಎಂದು ಬರಹದಲ್ಲಿ ಕೇಳಿ, ಜಗಳವಾಗುವುದು ಇಲ್ಲೇ. ಎರಡನೇ ಹಂತದ ಮೇಲೆ ತಿಂಡಿ ಒಯ್ಯುವಂತಿಲ್ಲ. ನೀರಿನ ಬಾಟಲಿಗೆ ಠೇವಣಿ ಕಟ್ಟಿಸಿಕೊಳ್ಳುತ್ತಾರೆ, ಖಾಲಿ ಬಾಟಲಿ ತೋರಿಸಿದರೆ ವಾಪಸ್. ನೀರಿಗಿಳಿಯಲು ಲೈಫ್ ಜಾಕೆಟ್ ಕಡ್ಡಾಯ, ಅಲ್ಲೇ ಬಾಡಿಗೆಗೆ ಸಿಗುತ್ತದೆ. ಮಧ್ಯಾಹ್ನ 3ರ ಸುಮಾರಿಗೆ ಮೇಲಿನ ಹಂತಗಳಿಂದ ಜನರನ್ನು ಇಳಿಸತೊಡಗುತ್ತಾರೆ. ಆದ್ದರಿಂದ 8ಕ್ಕೆ ಗೇಟಿನಲ್ಲಿರಿ, ಮೊದಲು ತುದಿಗೆ ಹತ್ತಿ, ಇಳಿಯುತ್ತ ಸ್ನಾನ ಮಾಡಿ. ಕೊಳದ ಮೀನುಗಳು ಪಾದದ ಸತ್ತ ಚರ್ಮ ಕಚ್ಚುತ್ತವೆ, ಕಾಲು ಆಡಿಸುತ್ತಿದ್ದರೆ ಹತ್ತಿರ ಬರುವುದಿಲ್ಲ. ದಡದಲ್ಲಿಟ್ಟ ಬ್ಯಾಗಿಗೆ ಕೋತಿಗಳ ಕಾಟವಿದೆ, ಒಬ್ಬರು ಕಾವಲಿರಿ.

ನೀರಿನ ಹಸಿರುನೀಲಿ ಬಣ್ಣ ಸುಣ್ಣಕಲ್ಲಿನಿಂದ. ಜೋರು ಮಳೆಯಾದರೆ ಕೆಂಪಾಗುತ್ತದೆ, ಮೇಲಿನ ಹಂತಗಳನ್ನು ಮುಚ್ಚುವುದೂ ಉಂಟು. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಸಣ್ಣಗಾಗುತ್ತದೆ. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ.

ಪ್ರ: ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಊಟಕ್ಕೇನು? — ಉಡುಪಿ

ಉ: 'ವೆಜಿಟೇರಿಯನ್' ಎಂದರೆ ಮೀನಿನ ಸಾಸ್ ಹಾಕಿಯೇ ತರಕಾರಿ ಹುರಿದು ಕೊಡುತ್ತಾರೆ. ಹೇಳಬೇಕಾದ ಮಾತು 'ಜೇ'. ಅದರಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಅಂಗಡಿಯಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದೇ. ಇತರೆಡೆ 'ಮಾಯ್ ಸಾಯ್ ನಾಮ್ ಪ್ಲಾ' ಎಂದರೆ ಮೀನಿನ ಸಾಸ್ ಬೇಡ, 'ಮಾಯ್ ಸಾಯ್ ಖಾಯ್' ಎಂದರೆ ಮೊಟ್ಟೆ ಬೇಡ. ಹಸಿರು, ಕೆಂಪು ಕರಿಗಳನ್ನು ಮಾತ್ರ ಬಿಟ್ಟುಬಿಡಿ. ಅವುಗಳ ಮಸಾಲೆ ರುಬ್ಬುವಾಗಲೇ ಸಿಗಡಿ ಸೇರಿರುತ್ತದೆ, ಆಮೇಲೆ ತೆಗೆಯಲಾಗದು.

ತೆಪ್ಪದ ಮನೆಯಲ್ಲಿ ಎಲ್ಲರಿಗೂ ಒಂದೇ ಊಟ, ಸಾಮಾನು ದೋಣಿಯಲ್ಲಿ ಬರಬೇಕು. ಎರಡು ದಿನ ಮುಂಚೆ ಹೇಳದಿದ್ದರೆ ಬಿಳಿ ಅನ್ನ, ಸೌತೆಕಾಯಿ ಅಷ್ಟೇ. ತಲೆಗೆ ಕಾಲು ಕೆಜಿ ಅವಲಕ್ಕಿ, ಒಂದು ಡಬ್ಬಿ ಚಟ್ನಿಪುಡಿ ಜೊತೆಗಿರಲಿ, ಬಿಸಿನೀರು ಎಲ್ಲೆಡೆ ಸಿಗುತ್ತದೆ.

ಪ್ರ: ಹೊರಡುವ ಮುನ್ನ ಕಾಗದಪತ್ರ? — ಕಲಬುರಗಿ

ಉ: 2025ರ ಮೇ 1ರಿಂದ ಥಾಯ್ಲೆಂಡಿಗೆ ಇಳಿಯುವ ಮುಂಚಿನ ಮೂರು ದಿನಗಳೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಸರ್ಕಾರದ ತಾಣದಲ್ಲಿ ಅದು ಉಚಿತ, ಹಣ ಕೇಳುವ ತಾಣ ನಕಲಿ ಎಂದು ತಿಳಿಯಿರಿ. ವೀಸಾ ನಿಯಮಗಳು ಬದಲಾಗುತ್ತಿರುತ್ತವೆ, ವಿಮಾನದ ಟಿಕೆಟ್ ಕೊಳ್ಳುವ ದಿನವೇ ರಾಯಭಾರ ಕಚೇರಿಯ ತಾಣದಲ್ಲಿ ನೋಡಿ. ಕಾರ್ಡಿನಲ್ಲಿ ವಿಳಾಸ ಕೇಳುವ ಕಡೆ ಬ್ಯಾಂಕಾಕ್‌ನ ಮೊದಲ ಹೋಟೆಲಿನದನ್ನೇ ಬರೆಯಿರಿ, ತೆಪ್ಪದ ಮನೆಯದು ಬೇಡ.