58 ಅಂದ್ರೆ ಜಸ್ಟ್ ಪಾಸ್ ಅಲ್ಲ ಮೇಡಂ

ಪ್ರಶ್ನೆ: ನಾವಿರೋದು ಅಮೆರಿಕಾದ ಡಲ್ಲಾಸ್ ಹತ್ರ. ಮಗಳು ಒಂದು ಸಣ್ಣ ಕ್ರಿಶ್ಚಿಯನ್ ಸ್ಕೂಲಲ್ಲಿ ನಾಲ್ಕನೇ ಗ್ರೇಡು, ಕ್ಲಾಸಲ್ಲಿ ಇರೋದೇ 11 ಮಕ್ಕಳು. ಇಲ್ಲಿನ ಸ್ಕೂಲುಗಳಲ್ಲಿ ಮಕ್ಕಳ ಕಲಿಕೆ ಅಳೆಯೋಕೆ ಕೊಡೋ ಅಯೋವಾ ಟೆಸ್ಟ್ ರಿಸಲ್ಟ್ ಬಂದಿದೆ, ರೀಡಿಂಗ್ 91, ಮ್ಯಾಥ್ಸ್ 58, ಕಂಪ್ಯೂಟೇಶನ್ (ಬರೀ ಲೆಕ್ಕ ಮಾಡೋ ಭಾಗ) 34. ಇಷ್ಟು ಫೀಸ್ ಕಟ್ಟಿ ಜಸ್ಟ್ ಪಾಸಾ, ಕ್ಲಾಸ್ ಆವರೇಜೂ ಹೋದ್ವರ್ಷಕ್ಕಿಂತ ಇಳಿದಿದೆ, ಪಬ್ಲಿಕ್ (ಸರ್ಕಾರಿ) ಸ್ಕೂಲಿಗೆ ಹಾಕೋಣ ಅಂತ ನಮ್ಮನೆಯವ್ರು ಹಠ ಹಿಡಿದಿದಾರೆ. ಹಾಸನದಿಂದ ಮಾವನವ್ರು ರೀಡಿಂಗ್ ಪಕ್ಕ ಗ್ರೇಡ್ ಈಕ್ವಿವಲೆಂಟ್ 7.1 ಅಂತಿರೋದು ನೋಡಿ ಡಬಲ್ ಪ್ರಮೋಷನ್ ಕೇಳಿ ಅಂತಿದಾರೆ. ಮಗಳಿಗೆ ಸ್ಕೂಲ್ ತುಂಬಾ ಇಷ್ಟ. ಏನ್ ಮಾಡ್ಲಿ?

ಉತ್ತರ: ಮೊದ್ಲು ಆ 58 ಮಾರ್ಕ್ಸ್ ಅಲ್ಲ, ಪರ್ಸೆಂಟೈಲು. ದೇಶದ ಬೇರೆ ಬೇರೆ ಕಡೆಯ ನಾಲ್ಕನೇ ಗ್ರೇಡಿನ ಮಕ್ಕಳಿಗೆ ಇದೇ ಟೆಸ್ಟ್ ಕೊಟ್ಟು ಹೋಲಿಸಿ ನೋಡೋಕೆ ಒಂದು ನಾರ್ಮ್ ಮಾಡಿಟ್ಟಿರ್ತಾರೆ, ಆ ಲೆಕ್ಕದಲ್ಲಿ 100ರಲ್ಲಿ ಸುಮಾರು 58 ಮಕ್ಕಳಿಗಿಂತ ನಿಮ್ಮ ಮಗಳು ಮುಂದಿದಾಳೆ ಅಂತ ಅರ್ಥ. ನಿಮ್ಮನೆಯವ್ರ ತಲೇಲಿ ಜೆಇಇ ಪರ್ಸೆಂಟೈಲ್ ಕೂತಿರ್ಬೇಕು, 99 ಬರ್ಲಿಲ್ಲ ಅಂದ್ರೆ ಮುಖ ಸಣ್ಣ ಮಾಡ್ಕೊಳ್ಳೋ ಲೆಕ್ಕ ಅದು, ಆದ್ರೆ ಇಲ್ಲಿ 50 ಅಂದ್ರೇನೇ ಸರಿಯಾಗಿ ನಡುಮಧ್ಯ. ರಿಪೋರ್ಟಲ್ಲಿ ಸ್ಟನೈನ್ ಅಂತ 1ರಿಂದ 9ರವರೆಗೆ ಒಂದು ಕಾಲಂ ಇದ್ರೆ ನೋಡಿ, 4, 5, 6 ಮೂರೂ ಆವರೇಜೇ. ಇವಳ ಮ್ಯಾಥ್ಸ್ 5ರಲ್ಲಿ ಬರುತ್ತೆ, ರೀಡಿಂಗ್ 8ರಲ್ಲಿ.

ಮಾವನವ್ರ 7.1 ಕತೆ ಬೇರೆ. ಇವಳು ಏಳನೇ ಗ್ರೇಡಿನ ಪಾಠ ಓದ್ತಾಳೆ ಅಂತ ಅಲ್ಲ ಅದು, ಏಳನೇ ಗ್ರೇಡಿನ ಸಾಧಾರಣ ಹುಡುಗನಿಗೆ ಇದೇ ನಾಲ್ಕನೇ ಗ್ರೇಡಿನ ಪೇಪರ್ ಕೊಟ್ಟಿದ್ರೆ ಹೆಚ್ಚುಕಡಿಮೆ ಇಷ್ಟೇ ಬರ್ತಿತ್ತು ಅಂತ. ಡಬಲ್ ಪ್ರಮೋಷನ್ ಮಾತು ಬಿಟ್ಬಿಡಿ, ಮೊಮ್ಮಗಳು ಚೆನ್ನಾಗಿ ಓದ್ತಾಳೆ ಅಂತ ಅವ್ರು ಖುಷಿ ಪಡೋದಕ್ಕೇನೂ ಅಡ್ಡಿಯಿಲ್ಲ.

ಕ್ಲಾಸ್ ಆವರೇಜು, ನಿಜ ಹೇಳ್ಬೇಕಂದ್ರೆ, 11 ಮಕ್ಕಳಿರೋ ಕಡೆ ನಂಬೋ ಸಾಮಾನೇ ಅಲ್ಲ. 90 ತಗೊಳ್ತಿದ್ದ ಒಂದು ಮಗು ಹೋಗಿ 30 ತಗೊಳ್ಳೋ ಮಗು ಬಂದ್ರೆ ಆವರೇಜ್ ಐದೂವರೆ ಇಳಿಯುತ್ತೆ, ಟೀಚರ್ ಪಾಪ ಏನ್ ಮಾಡ್ತಾರೆ. ಹೋದ್ವರ್ಷ ನಾಲ್ಕನೇ ಗ್ರೇಡಲ್ಲಿದ್ದ ಮಕ್ಕಳೇ ಬೇರೆ ಅಲ್ವಾ? ಅದೇ ಕಾರಣಕ್ಕೆ ಮುಂದಿನ ವರ್ಷ ಆವರೇಜ್ ಏರಿತು ಅಂತ ಸ್ಕೂಲಿನವ್ರು ಬೀಗಿದ್ರೂ ನೀವು ಮರುಳಾಗ್ಬೇಡಿ.

ಪಬ್ಲಿಕ್ ಸ್ಕೂಲಲ್ಲಿ ಓದೋ ಪಕ್ಕದ ಮನೆ ಹುಡುಗನ ಸ್ಟಾರ್ (STAAR) ಟೆಸ್ಟ್ ಜೊತೆಗೂ ಹೋಲಿಸ್ಬೇಡಿ. ಅದು ಟೆಕ್ಸಸ್ ಸಿಲಬಸ್ ಎಷ್ಟು ಕಲಿತಿದಾನೆ ಅಂತ ನೋಡೋ ಟೆಸ್ಟು, ಪ್ರೈವೇಟ್ ಸ್ಕೂಲುಗಳಿಗೆ ಅದು ಕಡ್ಡಾಯ ಇಲ್ಲ, ಅಯೋವಾದಂಥ ಯಾವುದೋ ಒಂದನ್ನ ಅವ್ರೇ ಆರಿಸ್ಕೊಳ್ತಾರೆ. ಅದ್ರಲ್ಲಿ ಅವನಿಗೆ ಬಂದ 'ಮಾಸ್ಟರ್ಸ್' ಅನ್ನೋ ಮೇಲಿನ ಹಂತಕ್ಕೂ ಇವಳ 58ಕ್ಕೂ ಸಂಬಂಧಾನೇ ಇಲ್ಲ.

ನಿಮ್ಮನೆಯವ್ರ ಗಾಬರೀಲಿ ನಿಜ ಇರೋದು ಒಂದೇ ಕಡೆ, ಕಂಪ್ಯೂಟೇಶನ್ನಿನ ಆ 34. ಅದೂ ಆವರೇಜ್ ಒಳಗೇ ಬರುತ್ತೆ, ಆದ್ರೆ ರೀಡಿಂಗ್ 91 ಇರೋ ಹುಡುಗಿ ಕೂಡೋದು ಕಳೆಯೋದು ಗುಣಿಸೋದ್ರಲ್ಲಿ ಯಾಕೆ ಎಡವಿದ್ಲು ಅಂತ ಕೇಳ್ಲೇಬೇಕು. ಮಗ್ಗಿ ಬಾಯಿಗೆ ಬರಲ್ವಾ, ಟೈಮ್ ಸಾಕಾಗ್ಲಿಲ್ವಾ, ಇಲ್ಲ ಟೆಸ್ಟಲ್ಲಿ ಕೇಳಿದ್ದನ್ನ ಆ ಸ್ಕೂಲು ಇನ್ನೂ ಹೇಳ್ಕೊಟ್ಟೇ ಇಲ್ವಾ? ಅಬೆಕಾ, ಸ್ಯಾಕ್ಸನ್ ತರದ ಪುಸ್ತಕ ಬಳಸೋ ಕಡೆ ಪಾಠದ ಸರದಿ ಬೇರೆ ಇರುತ್ತೆ. ಸಣ್ಣ ಭಾಗದಲ್ಲಿ ಎರಡು ಮೂರು ಲೆಕ್ಕ ತಪ್ಪಿದ್ರೂ ಪರ್ಸೆಂಟೈಲ್ ಜೋರಾಗಿ ಬೀಳುತ್ತೆ, ಅದಕ್ಕೇ ಸ್ಕೋರ್ ಪಕ್ಕ ಒಂದು ಬ್ಯಾಂಡ್ (ನಿಜವಾದ ಮಟ್ಟ ಇಷ್ಟರಿಂದ ಇಷ್ಟರೊಳಗೆ ಇರ್ಬಹುದು ಅನ್ನೋ ಅಂದಾಜು) ಕೊಟ್ಟಿದ್ರೆ ಅದನ್ನೂ ನೋಡಿ.

ಟೀಚರ್ ಹತ್ರ ಟೈಮ್ ತಗೊಂಡು ಇಬ್ರೂ ಹೋಗಿ, ಮಗಳನ್ನ ಕರ್ಕೊಂಡು ಹೋಗ್ಬೇಡಿ. ರಿಪೋರ್ಟಲ್ಲಿ ಯಾವ ವಿಷಯದಲ್ಲಿ ಎಷ್ಟು ಸರಿ ಅಂತ ಬಿಡಿಸಿ ಕೊಟ್ಟಿದ್ರೆ, ಆ ಪೇಜ್ ತೋರಿಸಿ ಕೇಳಿ. ಟೀಚರ್ ಅವಳ ನೋಟ್ಸ್ ತೆಗೆದು ಇಂಥ ಕಡೆ ತಪ್ತಾಳೆ, ಹೀಗೆ ಸರಿ ಮಾಡ್ತೀನಿ ಅಂದ್ರೆ ಅಲ್ಲೇ ಇರ್ಲಿ, ಮುಂದಿನ ವರ್ಷದ ರಿಸಲ್ಟನ್ನ ಇವಳದೇ ಈ ವರ್ಷದ್ದರ ಪಕ್ಕ ಇಟ್ಟು ನೋಡಿ. ಅದನ್ನ ಬಿಟ್ಟು "ಎಲ್ಲಾ ಚೆನ್ನಾಗಿದೆ, ಪ್ರೇ ಮಾಡೋಣ" ಅಂತ ಸಾಗಹಾಕಿದ್ರೆ, ಆಗ ನಿಮ್ಮನೆಯವ್ರ ಜೊತೆ ಕೂತು ಬೇರೆ ಸ್ಕೂಲ್ ಹುಡುಕಿ.