ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್‌ಗೆ ಬೀಗ ಯಾವುದು?

ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಸೇವ್ ಮಾಡಿದರೆ ಅದು ಎಲ್ಲಿರುತ್ತದೆ, ಯಾರಾದರೂ ಕದಿಯಬಹುದಾ ಅಂತ ಕೇಳಿದ್ದೀರಿ. ಇದಕ್ಕೆ ಉತ್ತರವಾಗಿ ಒಬ್ಬರು 'ಸೇವ್ ಮಾಡಲೇಬೇಡಿ' ಅಂದಿದ್ದಾರೆ. ನಾನು ಒಪ್ಪುವುದಿಲ್ಲ. ಸೇವ್ ಮಾಡದವರು ಎಷ್ಟೋ ಸಲ ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಹಾಕಿರುತ್ತಾರೆ, ಅದು ಇನ್ನೂ ಅಪಾಯ.

ಕ್ರೋಮ್ ಇವನ್ನೆಲ್ಲ ನಿಮ್ಮ ಪ್ರೊಫೈಲ್ ಫೋಲ್ಡರಿನ 'ಲಾಗಿನ್ ಡೇಟಾ' ಅನ್ನುವ ಫೈಲಿನಲ್ಲಿ ಇಡುತ್ತದೆ. ಅದನ್ನು ಬಿಚ್ಚಿ ನೋಡಿದರೆ ಸೈಟಿನ ವಿಳಾಸ, ಯೂಸರ್‌ನೇಮ್ ಹಾಗೇ ಓದಲು ಬರುತ್ತವೆ. ಪಾಸ್‌ವರ್ಡ್ ಮಾತ್ರ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ (ಬಿಡಿಸುವ ಗುಟ್ಟಿನ ಸಂಕೇತ) ಇಲ್ಲದೆ ಓದಲು ಬರುವುದಿಲ್ಲ. ವಿಂಡೋಸ್‌ನಲ್ಲಿ ಅದರ ಕೀ 'ಲೋಕಲ್ ಸ್ಟೇಟ್' ಅನ್ನುವ ಇನ್ನೊಂದು ಫೈಲಿನಲ್ಲಿದೆ, ಆ ಕೀಗೆ ವಿಂಡೋಸ್ ಬೀಗ ಹಾಕಿರುತ್ತದೆ. ನೀವು ವಿಂಡೋಸ್‌ಗೆ ಲಾಗಿನ್ ಆದರೆ ಆ ಬೀಗ ತೆಗೆದ ಹಾಗೆಯೇ. ಮ್ಯಾಕ್‌ನಲ್ಲಿ ಈ ಕೆಲಸ ಕೀಚೈನ್ ಅನ್ನುವ ಅದರದೇ ಕೀ ಪೆಟ್ಟಿಗೆಯದು. ಲಿನಕ್ಸ್‌ನಲ್ಲಿ ಅಂಥದ್ದೇ ಕೀರಿಂಗ್ ಇಲ್ಲದಿದ್ದರೆ ಕ್ರೋಮ್ ತನ್ನ ಕೋಡಿನಲ್ಲೇ ಬರೆದಿಟ್ಟ 'ಪೀನಟ್ಸ್' ಅನ್ನುವ ಪದದಿಂದ ಕೀ ಮಾಡಿಕೊಳ್ಳುತ್ತದೆ! ಆ ಕೋಡ್ ಯಾರು ಬೇಕಾದರೂ ಓದಬಹುದು. ಬೀಗ ಇದ್ದೂ ಇಲ್ಲದ ಹಾಗೆ ಅಲ್ವಾ?

ಅಂದರೆ ಲಿನಕ್ಸ್‌ನ ಈ ಪ್ರಸಂಗ ಬಿಟ್ಟರೆ, ಆ ಫೈಲನ್ನಷ್ಟೇ ಕದ್ದವನಿಗೆ ಕಷ್ಟ, ನಿಮ್ಮ ಲಾಗಿನ್‌ನಲ್ಲೇ ಓಡುವ ಕಳ್ಳ ಪ್ರೋಗ್ರಾಮ್‌ಗೆ ಸುಲಭ. ರೆಡ್‌ಲೈನ್ ಥರದ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮ್‌ಗಳು ಮಾಡುವುದು ಇದನ್ನೇ. ಅವು ಜಾಸ್ತಿ ಬರುವುದು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಗೇಮ್ ಚೀಟ್ ಜೊತೆ. 2024ರಲ್ಲಿ ವಿಂಡೋಸ್‌ನ ಕ್ರೋಮ್ 127ರಿಂದ ಗೂಗಲ್ ರಕ್ಷಣೆಯ ಇನ್ನೊಂದು ಪದರ ಸೇರಿಸಿತು, ಮೊದಲು ಕುಕೀಗಳಿಗೆ (ನೀವು ಲಾಗಿನ್ ಆಗಿದ್ದೀರಿ ಅಂತ ಸೈಟ್ ನೆನಪಿಡಲು ಬ್ರೌಸರ್‌ನಲ್ಲಿ ಇಡುವ ಮಾಹಿತಿ). ಕೆಲವೇ ತಿಂಗಳಲ್ಲಿ ಕಳ್ಳರು ಅದಕ್ಕೂ ದಾರಿ ಹುಡುಕಿದರು. ಹಾಗಾಗಿ ಅದನ್ನೇ ನಂಬಿ ಕೂರಬೇಡಿ.

ಕಂಪ್ಯೂಟರ್ ಇಬ್ಬರು ಮೂವರು ಬಳಸುತ್ತಿದ್ದರೆ ಒಬ್ಬೊಬ್ಬರಿಗೂ ಕಂಪ್ಯೂಟರಿನಲ್ಲೇ ಬೇರೆ ಲಾಗಿನ್ ಮಾಡಿ. ಬರೀ ಬ್ರೌಸರ್ ಪ್ರೊಫೈಲ್ ಬೇರೆ ಮಾಡಿದರೆ ಸಾಲದು. ಎದ್ದು ಹೋಗುವಾಗ ಸ್ಕ್ರೀನ್ ಲಾಕ್ ಮಾಡಿ.

ಫೈರ್‌ಫಾಕ್ಸ್ ಇದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈಮರಿ ಪಾಸ್‌ವರ್ಡ್ (ಸೇವ್ ಆದವಕ್ಕೆಲ್ಲ ಬೀಗವಾಗುವ ಒಂದು ಪಾಸ್‌ವರ್ಡ್) ಆನ್ ಮಾಡಿ. ಸುಮ್ನೆ ಬಿಟ್ಟರೆ ಅದು ಆಫ್ ಆಗಿಯೇ ಇರುತ್ತದೆ. ಮರೆತರೆ ಮಾತ್ರ ವಾಪಸ್ ಸಿಗುವುದಿಲ್ಲ. ರೀಸೆಟ್ ಮಾಡಿದರೆ ಸೇವ್ ಆದದ್ದೆಲ್ಲ ಅಳಿಸಿಹೋಗುತ್ತದೆ.

ಸೇವ್ ಮಾಡುವುದರಲ್ಲಿ ಒಂದು ಲಾಭ ಯಾರೂ ಹೇಳಲಿಲ್ಲ. ಬ್ರೌಸರ್ ಸೈಟಿನ ವಿಳಾಸ ನೋಡಿಯೇ ಪಾಸ್‌ವರ್ಡ್ ತುಂಬುತ್ತದೆ. ನೋಡಲು ಥೇಟ್ ಅದೇ ಸೈಟ್, ಆದರೂ ತುಂಬಲಿಲ್ಲ ಅಂದರೆ ಅದು ನಕಲಿ ಇರಬಹುದು, ನೀವೇ ಟೈಪ್ ಮಾಡಲು ಹೋಗಬೇಡಿ. ಮೊದಲು ಮೇಲಿನ ವಿಳಾಸವನ್ನು ಅಕ್ಷರ ಅಕ್ಷರ ಓದಿ.

ಬೇರೆ ಬ್ರೌಸರ್‌ಗೆ ಹೋಗುವಾಗ ಪಾಸ್‌ವರ್ಡ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿದರೆ ಬರುವ ಸಿಎಸ್‌ವಿ (ಸಾದಾ ಪಠ್ಯದ ಪಟ್ಟಿ) ಫೈಲಿನಲ್ಲಿ ಎನ್‌ಕ್ರಿಪ್ಶನ್ ಇಲ್ಲವೇ ಇಲ್ಲ, ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಎಲ್ಲ ಕಾಣುತ್ತದೆ. ಇಂಪೋರ್ಟ್ ಆದ ತಕ್ಷಣ ಅಳಿಸಿ, ರಿಸೈಕಲ್ ಬಿನ್‌ನಿಂದಲೂ ತೆಗೆಯಿರಿ. ಇಮೇಲ್ ಖಾತೆಗೆ ಎರಡು ಹಂತದ ಪರಿಶೀಲನೆಯನ್ನು ಇವತ್ತೇ ಹಾಕಿ, ಬೇರೆಲ್ಲ ಪಾಸ್‌ವರ್ಡ್ ರೀಸೆಟ್ ಆಗುವುದು ಅಲ್ಲಿಂದಲೇ.