ಎಳೆಯುವಾಗ ಕೆಂಪು ದೀಪ ಹತ್ತಿತು, ಏನು ಮಾಡಲಿ?

ಪ್ರಶ್ನೆ: ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೆಯುವ ಡೀಸೆಲ್ ಪಿಕಪ್ ನನ್ನದು. ಮೊನ್ನೆ ಮುಳಬಾಗಿಲು ರಸ್ತೆಯಲ್ಲಿ ಕೆಟ್ಟು ನಿಂತಿದ್ದ ಗೆಳೆಯನ ಗಾಡಿಯನ್ನು ಹಗ್ಗ ಕಟ್ಟಿ ಎಳೆದೆ. ನನ್ನ ಗಾಡಿಯಲ್ಲೂ ಲೋಡ್ ಇತ್ತು. ಸ್ವಲ್ಪ ದೂರಕ್ಕೇ ಥರ್ಮಾಮೀಟರ್ ಥರದ ಕೆಂಪು ದೀಪ ಹತ್ತಿತು. ಆದರೂ ಊರು ಮುಟ್ಟಿಸಿದೆ. ತಪ್ಪಾಯ್ತಾ?

ಉತ್ತರ: ತಪ್ಪೇ ಅಣ್ಣಾ. ಅದು ಇಂಜಿನ್ ಕಾದಿದೆ ಅನ್ನೋ ದೀಪ. ನಿಮ್ಮ ಲೋಡ್ 15 ಕೆ.ಜಿ.ಯ 100 ಬಾಕ್ಸ್ ಅಂದುಕೊಂಡರೂ ಒಂದೂವರೆ ಟನ್ ಆಯ್ತು, ಅದರ ಮೇಲೆ ಇನ್ನೊಂದು ಗಾಡಿಯನ್ನೂ ಎಳೆದರೆ ಇಂಜಿನ್ ತಡೆಯೋದು ಹೇಗೆ? ಈ ದೀಪ ಹತ್ತಿದರೆ ಬದಿಗೆ ಹಾಕಿ, ಇಂಜಿನ್ ಆಫ್ ಮಾಡಿ. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತೆ. ಪೂರ್ತಿ ಆರಿದ ಮೇಲೆ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಡಬ್ಬಿಯ ಕೆಳಗಿನ ಗೆರೆಗಿಂತ ಇಳಿದಿದೆಯಾ ನೋಡಿ. ಆಯಿಲ್ ಕ್ಯಾನ್ ಚಿತ್ರದ ಕೆಂಪು ದೀಪ, ಅಂದರೆ ಇಂಜಿನ್ ಆಯಿಲ್ ಒತ್ತಡ ಕಡಿಮೆ ಅನ್ನೋ ದೀಪ ಬಂದರೆ ಒಂದು ಕ್ಷಣವೂ ಓಡಿಸಬೇಡಿ. ಹಳದಿ ಇಂಜಿನ್ ದೀಪ ಸುಮ್ನೆ ಹತ್ತಿಕೊಂಡೇ ಇದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಿ ಸ್ಕ್ಯಾನ್ ಮಾಡಿಸಿ.

ಬಂಪರ್ ಹತ್ತಿರದ ಕೊಕ್ಕೆ ಕೆಟ್ಟ ಗಾಡಿಯನ್ನು ಸ್ವಲ್ಪ ದೂರ ಎಳೆಯೋಕೆ ಇರೋದು. ಟ್ರೈಲರ್‌ಗೆ ಬೇರೆಯೇ ಹಿಚ್ (ಟ್ರೈಲರ್ ಜೋಡಿಸುವ ಕೊಂಡಿ) ಬೇಕು. ಎರಡು ಗಾಡಿಗಳ ನಡುವಿನ ಅಂತರ 5 ಮೀಟರ್ ದಾಟಬಾರದು. ಇನ್ನೊಂದು ವಿಷಯ, ಹಿಂದಿನ ಗಾಡಿಯ ಇಂಜಿನ್ ಆಫ್ ಇದ್ದಾಗ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತೆ, ಪವರ್ ಸ್ಟೇರಿಂಗೂ ಭಾರ, ಕೀ ತೆಗೆದರೆ ಸ್ಟೇರಿಂಗ್ ಲಾಕೇ ಆಗಿಬಿಡಬಹುದು. ಇಳಿಜಾರಿದ್ದರೆ ಹಗ್ಗ ಬೇಡ, ಕ್ರೇನ್ ಕರೆಸಿ. ಈಗ ಮೊದಲು ಕೂಲೆಂಟ್, ಫ್ಯಾನ್ ಬೆಲ್ಟ್ ತೋರಿಸಿ. ಕಾದ ಇಂಜಿನ್ನಲ್ಲಿ ಹಾಳಾಗಬಹುದಾದ ಹೆಡ್ ಗ್ಯಾಸ್ಕೆಟ್ಟನ್ನೂ (ಇಂಜಿನ್ ಹೆಡ್ ಕೆಳಗಿನ ಸೀಲ್) ನೋಡಲು ಹೇಳಿ.